ದ್ರಾವಕ ಮತ್ತು ನಾಣ್ಯದ ಮೈ: ಶಿವಮೊಗ್ಗ ಸೀಮೆಯ ನಾಣ್ಯಗಳ ಗೃಹಶುದ್ಧಿಯನ್ನು ಕುರಿತು

ಹೊಲದ ಬದುವಿನಲ್ಲಿ ಶಿಲಾಶಾಸನವೊಂದು ದೊರೆತರೆ, ಅದರ ಮಾಸಿದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೆತ್ತಿ ಸ್ಫುಟಪಡಿಸಬೇಕೆಂದು ಇಂದು ಯಾರೂ ಹೇಳಲಾರರು. ಮೃದುವಾದ ಕುಂಚದಿಂದ ಮಣ್ಣನ್ನು ತೆಗೆದು, ಒದ್ದೆ ಕಾಗದವನ್ನು ಹೊದಿಸಿ, ಪಡಿಯಚ್ಚನ್ನು ತೆಗೆದುಕೊಂಡು, ಕಲ್ಲನ್ನು ಇದ್ದಂತೆಯೇ ಬಿಡುವುದು ಶಾಸನಶೋಧಕರ ಪದ್ಧತಿ. ತಾಳೆಯೋಲೆಯ ಗ್ರಂಥದ ವಿಷಯದಲ್ಲಿಯೂ ಇದೇ ವಿವೇಕ ನಮ್ಮಲ್ಲಿ ಬೇರೂರಿದೆ. ನಾಣ್ಯವೊಂದರ ವಿಷಯದಲ್ಲಿ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಅಜ್ಜಿಯ ಪೆಟ್ಟಿಗೆಯಿಂದ ಹೊರಬಂದ ತಾಮ್ರದ ಕಾಸು ಕಪ್ಪಗಿದ್ದರೆ ಅದನ್ನು ಉಜ್ಜಿ ಬೆಳಗುವುದೇ ಮೊದಲ ಕಾರ್ಯವಾಗುತ್ತದೆ. ಅದರ ಮೇಲೆ ಏನು ಬರೆದಿದೆಯೆಂದು ಓದುವುದು ಆಮೇಲಿನ ಮಾತು. ನಾಣ್ಯವೂ ಶಾಸನವೇ, ಅದೂ ಒಂದು ಕೂದಲೆಳೆಯಷ್ಟು ಉಬ್ಬಿನಲ್ಲಿ ಬರೆದ ಶಾಸನವೆಂಬುದನ್ನು ನೆನೆದರೆ ಈ ಅಭ್ಯಾಸದಿಂದ ಆಗಿರುವ ನಷ್ಟದ ಪ್ರಮಾಣವನ್ನು ಊಹಿಸಬಹುದು.

ಶಿವಮೊಗ್ಗ ನಗರದ ಗೋಪಾಳದಂತಹ ಬಡಾವಣೆಗಳ ಮನೆಗಳಲ್ಲಿ ಹಳೆಯ ನಾಣ್ಯಗಳು ಎರಡು ಸ್ಥಾನಗಳಲ್ಲಿ ದೊರೆಯುತ್ತವೆ. ಒಂದು, ದೇವರ ಕೋಣೆ. ಮಲೆನಾಡಿನ ಹಳ್ಳಿಗಳಿಂದ ನಗರಕ್ಕೆ ಬಂದು ನೆಲೆಸಿದ ಕುಟುಂಬಗಳು ಲಕ್ಷ್ಮೀಪೂಜೆಗೆಂದು ಜೋಪಾನವಾಗಿ ತಂದಿಟ್ಟುಕೊಂಡ ಬೆಳ್ಳಿಯ ರೂಪಾಯಿಗಳು, ಒಮ್ಮೊಮ್ಮೆ ಒಂದೆರಡು ವರಹಗಳು, ತಾಮ್ರದ ಆನೆಕಾಸುಗಳು ಅಲ್ಲಿರುತ್ತವೆ. ಎರಡನೆಯದು, ಸಂಗ್ರಾಹಕನ ಪುಸ್ತಕ. ಪಾರದರ್ಶಕವಾದ ಪ್ಲಾಸ್ಟಿಕ್ ಜೇಬುಗಳುಳ್ಳ ಹಾಳೆಗಳಲ್ಲಿ ಸೇರಿಸಿಟ್ಟ ನಾಣ್ಯಗಳು ಅಲ್ಲಿರುತ್ತವೆ. ಮೊದಲನೆಯದಕ್ಕೆ ಅರಿಸಿನ, ಕುಂಕುಮ, ತುಪ್ಪ, ದೀಪದ ಎಣ್ಣೆ ತಗುಲುತ್ತವೆ. ಎರಡನೆಯದಕ್ಕೆ ಪ್ಲಾಸ್ಟಿಕ್ಕಿನ ಅಂಟು ಹಸಿರು ತಗುಲುತ್ತದೆ. ಇವೆರಡನ್ನೂ ತೆಗೆಯಲು ಮನೆಯಲ್ಲಿಯೇ ದ್ರಾವಕವನ್ನು ಬಳಸಬಹುದೆ, ಬಳಸಿದರೆ ಉಳಿಯುವುದೇನು ಅಳಿಯುವುದೇನು ಎಂಬುದು ಪ್ರಕೃತ ಲೇಖನದ ವಿಷಯ.

ಮೊದಲಿಗೆ ‘ದ್ರಾವಕ’ ಎಂಬ ಶಬ್ದವನ್ನೇ ಕೊಂಚ ವಿಚಾರಿಸಬೇಕಾಗಿದೆ. ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿ ಈ ಹೆಸರು ಸಲ್ಲುವುದು ಖನಿಜಾಮ್ಲಗಳಿಗೆ; ಶಂಖದ್ರಾವಕವೆಂದರೆ ಶಂಖವನ್ನೇ ಕರಗಿಸಬಲ್ಲ ತೀಕ್ಷ್ಣವಾದ ಆಮ್ಲ. ಹಿಂದಿನ ತಲೆಮಾರಿನವರ ಮಾತಿನಲ್ಲಿಯೂ ಗಂಧಕದ ದ್ರಾವಕವೆಂದರೆ ಗಂಧಕಾಮ್ಲವೇ. ಇಂದಿನ ರಸಾಯನಶಾಸ್ತ್ರದ ಪಾಠಪುಸ್ತಕಗಳಲ್ಲಿಯಾದರೋ ಅದೇ ಶಬ್ದವು ಒಂದು ವಸ್ತುವನ್ನು ಅದರ ಸ್ವರೂಪ ಕೆಡಿಸದೆ ತನ್ನಲ್ಲಿ ಕರಗಿಸಿಕೊಳ್ಳುವ ದ್ರವಕ್ಕೆ ನಿಂತಿದೆ. ಆಮ್ಲವು ತಾಮ್ರವನ್ನು ‘ಕರಗಿಸುವಾಗ’ ತಾಮ್ರವು ತಾಮ್ರವಾಗಿ ಉಳಿಯುವುದಿಲ್ಲ, ಲವಣವಾಗಿ ಹೋಗುತ್ತದೆ. ಅಸಿಟೋನು ಎಣ್ಣೆಯನ್ನು ಕರಗಿಸುವಾಗ ಎಣ್ಣೆ ಎಣ್ಣೆಯಾಗಿಯೇ ಉಳಿದಿರುತ್ತದೆ, ಕೆಳಗಿನ ತಾಮ್ರವನ್ನು ಅದು ಮುಟ್ಟುವುದಿಲ್ಲ. ಒಂದೇ ಹೆಸರಿನ ಕೆಳಗೆ ಪರಸ್ಪರ ವಿರುದ್ಧವಾದ ಈ ಎರಡು ಕ್ರಿಯೆಗಳು ಸೇರಿಹೋದದ್ದು ಕೇವಲ ಭಾಷೆಯ ತೊಡಕಲ್ಲ. ‘ದ್ರಾವಕ ಹಾಕಿ ತೊಳೆದರೆ ನಾಣ್ಯ ಶುದ್ಧವಾಗುತ್ತದೆ’ ಎಂಬ ಉಪದೇಶವನ್ನು ಕೇಳಿದವನು ಅಸಿಟೋನನ್ನು ತರಬಹುದು, ಅಥವಾ ನಿಂಬೆಯ ರಸವನ್ನೋ ಅಕ್ಕಸಾಲಿಯ ಆಮ್ಲವನ್ನೋ ತರಬಹುದು. ಈ ಲೇಖನದಲ್ಲಿ ದ್ರಾವಕವೆಂಬ ಮಾತನ್ನು ಎರಡನೆಯ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ನಾಣ್ಯದ ಮೈಯ ಮೇಲಿನ ಒಂದು ಗೆರೆ ಅಳಿದರೆ ಇತಿಹಾಸಕ್ಕೆ ಏನಾಗುತ್ತದೆಯೆಂಬುದನ್ನು ಈ ಸೀಮೆಯ ನಾಣ್ಯಗಳಿಂದಲೇ ತೋರಿಸಬಹುದು.

ಕೆಳದಿಯ ಅರಸರ ವರಹವನ್ನು ತೆಗೆದುಕೊಳ್ಳೋಣ. ಇಕ್ಕೇರಿಯ ವರಹವೆಂದು ಪ್ರಸಿದ್ಧವಾದ ಈ ಚಿನ್ನದ ನಾಣ್ಯ ಸುಮಾರು 3.4 ಗ್ರಾಂ ತೂಗುತ್ತದೆ. ಅಗಲದಲ್ಲಿ ಕಿರುಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ. ಮುಮ್ಮುಖದಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ. ಹಿಮ್ಮುಖದಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. ವಿಜಯನಗರದ ಸದಾಶಿವರಾಯನ ವರಹದ ಮೇಲೂ ದಂಪತಿಗಳೇ ಕುಳಿತಿದ್ದಾರೆ, ಹಿಂಬದಿಯಲ್ಲಿ ಅವನ ಹೆಸರೂ ಇದೆ. ಅಲ್ಲಿಯ ದಂಪತಿಗಳು ಮಾತ್ರ ಲಕ್ಷ್ಮೀನಾರಾಯಣರು. ಬರಹ ಪೂರ್ತಿಯಾಗಿ ಒಡಮೂಡಿದ್ದರೆ ತೊಡಕಿಲ್ಲ. ಆದರೆ ಅಚ್ಚು ಓರೆಯಾಗಿ ಬಿದ್ದು ಬರಹದ ಅರ್ಧವು ನಾಣ್ಯದ ಅಂಚಿನಿಂದ ಹೊರಗುಳಿದಿರುವುದು ಆ ಕಾಲದ ಟಂಕಸಾಲೆಗಳಲ್ಲಿ ಸಾಮಾನ್ಯ. ಆಗ ಇದು ಕೆಳದಿಯದೋ ವಿಜಯನಗರದ್ದೋ ಎಂಬುದನ್ನು ನಿರ್ಣಯಿಸಲು ಉಳಿಯುವುದು ದೇವರ ಕೈಯಲ್ಲಿರುವ ಆಯುಧ ಮಾತ್ರ. ತ್ರಿಶೂಲವೂ ಮೃಗವೂ ಇದ್ದರೆ ಶಿವ, ಶಂಖಚಕ್ರಗಳಿದ್ದರೆ ನಾರಾಯಣ. ಆ ತ್ರಿಶೂಲವೆಂದರೆ ಚಿನ್ನದ ಮೇಲಿನ ಒಂದು ಸಣ್ಣ ಗೀರು. ಇಟ್ಟಿಗೆಯ ಪುಡಿಯಿಂದಲೋ ಬೂದಿಯಿಂದಲೋ ಪ್ರತಿ ಹಬ್ಬಕ್ಕೆ ಉಜ್ಜಿದ ವರಹದಲ್ಲಿ ಮೊದಲು ಸವೆಯುವುದು ಅದೇ. ಸಾಮ್ರಾಜ್ಯದ ಅರಸನಿಗೂ ಅವನ ಸಾಮಂತನಿಗೂ ಇರುವ ವ್ಯತ್ಯಾಸ ಅಡಿಗೆಮನೆಯ ಬೂದಿಯಲ್ಲಿ ಮಾಯವಾಗುತ್ತದೆಂದರೆ ಅತಿಶಯೋಕ್ತಿಯಲ್ಲ.

ಕ್ರಿ.ಶ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ರಾಣಿ ವೀರಮ್ಮಾಜಿಯ ಆಳ್ವಿಕೆಯನ್ನು ಕೊನೆಗಾಣಿಸಿದ ಮೇಲೆ ನಡೆದದ್ದು ಇನ್ನೂ ಕುತೂಹಲಕರವಾಗಿದೆ. ಅವನು ಕೆಳದಿಯ ವರಹದ ಶಿವಪಾರ್ವತಿಯರನ್ನು ತೆಗೆಯಲಿಲ್ಲ. ಜನರ ಕೈಗೆ ಪರಿಚಿತವಾದ ಮುಖವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ಕಣಕಣವಾದ ಹಿನ್ನೆಲೆಯ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದನು. ಆ ಒಂದಕ್ಷರವೂ ಆ ಕಣಗಳೂ ಉಜ್ಜಿ ನಯವಾದರೆ ನಮ್ಮ ಕೈಯಲ್ಲಿ ಉಳಿಯುವುದು ಯಾರದೆಂದು ಹೇಳಲಾಗದ ಒಂದು ಚಿನ್ನದ ಬಿಲ್ಲೆ. ಅಕ್ಕಸಾಲಿಗೆ ಅದರ ಬೆಲೆ ಎಳ್ಳಷ್ಟೂ ಕಡಿಮೆಯಾಗಿಲ್ಲ.

ತಾಮ್ರದ ನಾಣ್ಯಗಳಲ್ಲಿ ಸಂಕಟ ಇನ್ನೂ ಹೆಚ್ಚಿನದು. ಟಿಪ್ಪು ಸುಲ್ತಾನನ ಕಾಲದಲ್ಲಿ ಬಿದನೂರು ‘ನಗರ’ವೆಂಬ ಹೆಸರಿನ ಟಂಕಸಾಲೆಯಾಗಿತ್ತು, ಅಲ್ಲಿ ಮುದ್ರಿಸಿದ ಆನೆಯ ಕಾಸುಗಳು ಶಿವಮೊಗ್ಗ ಸೀಮೆಯಲ್ಲಿ ಇಂದಿಗೂ ಅಪರೂಪವಲ್ಲ. ಮದರಾಸಿನ ಜೆ. ಆರ್. ಹೆಂಡರ್ಸನ್ ಅವರು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ನಾಣ್ಯಗಳ ವಿವರವಾದ ಪಟ್ಟಿ ಇದೆ. ಟಿಪ್ಪು ತನ್ನ ಆಳ್ವಿಕೆಯ ಐದನೆಯ ವರ್ಷದಿಂದ ಮೌಲೂದೀ ಎಂಬ ಬೇರೆ ಶಕವನ್ನು ಬಳಕೆಗೆ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ ಆನೆಯ ಮೇಲ್ಭಾಗದಲ್ಲಿ ವರ್ಷಕ್ಕೊಂದರಂತೆ ಅರಬ್ಬಿ ವರ್ಣಮಾಲೆಯ ಅಕ್ಷರ ಬರುತ್ತದೆ: ಮೌಲೂದೀ 1224ಕ್ಕೆ ಅಲಿಫ್, 1225ಕ್ಕೆ ಬೇ, ಹೀಗೆ. ಮುಂಗಡೆಯ ಅಂಕಿಗಳು ಸವೆದಿದ್ದರೂ ಈ ಅಕ್ಷರ ಉಳಿದರೆ ಕಾಲನಿರ್ಣಯವಾಗುತ್ತದೆ. ಅಲಿಫ್ ಎಂದರೆ ಒಂದು ನೆಟ್ಟನೆಯ ಗೆರೆ, ಬೇರೇನೂ ಅಲ್ಲ. ಜೊಹ್ರಾ, ಬಹ್ರಾಮ್, ಅಖ್ತರ್, ಕುತ್ಬ್ ಎಂದು ಗ್ರಹನಕ್ಷತ್ರಗಳ ಹೆಸರುಗಳನ್ನು ಈ ಕಾಸುಗಳಿಗೆ ಇಟ್ಟಿದ್ದನೆಂಬುದು ನಮಗೆ ತಿಳಿದಿರುವುದು ಕೂಡ ಆ ಹೆಸರುಗಳನ್ನು ನಾಣ್ಯದ ಮೇಲೆಯೇ ಸಣ್ಣಕ್ಷರಗಳಲ್ಲಿ ಬರೆಯಿಸಿದ್ದರಿಂದ.

ಇಲ್ಲಿ ಲೋಹದ ಸ್ವಭಾವವನ್ನು ಕುರಿತ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ನೂರಾರು ವರ್ಷ ಮಣ್ಣಿನಲ್ಲಿಯೋ ಗಾಳಿಯಲ್ಲಿಯೋ ಇದ್ದ ತಾಮ್ರದ ನಾಣ್ಯದ ಹೊರಮೈ ಲೋಹವಾಗಿ ಉಳಿದಿರುವುದಿಲ್ಲ. ಲೋಹಕ್ಕೆ ಅಂಟಿದಂತೆ ಕೆಂಪು ಆಕ್ಸೈಡಿನ ಪದರ, ಅದರ ಮೇಲೆ ಕಪ್ಪು ಅಥವಾ ಹಸಿರು ಪದರ, ಹೀಗೆ ಕ್ರಮವಾಗಿ ಬೆಳೆದಿರುತ್ತದೆ. ಅಚ್ಚಿನ ಗುರುತುಗಳು, ಅಕ್ಷರದ ಅಂಚುಗಳು ಎಷ್ಟೋ ವೇಳೆ ಈ ಪದರಗಳಲ್ಲಿಯೇ ಉಳಿದಿರುತ್ತವೆ. ಒಳಗಿನ ಲೋಹ ಕುಳಿಬಿದ್ದು ಸಮತೆಗೆಟ್ಟಿರುತ್ತದೆ. ಹುಣಿಸೆಯ ಹಣ್ಣಿನ ಟಾರ್ಟಾರಿಕ್ ಆಮ್ಲ ಈ ಪದರಗಳನ್ನೇ ಕರಗಿಸುತ್ತದೆ. ಹೊರಗೆ ಬರುವ ಹೊಳೆಯುವ ಕೆಂಪು ತಾಮ್ರ ಟಂಕಸಾಲೆಯಿಂದ ಹೊರಟ ದಿನದ ಮೈಯಲ್ಲ; ಆ ಮೈಯನ್ನು ಕಿತ್ತ ಮೇಲೆ ಕಾಣುವ ಗಾಯ. ಈ ಲೇಖಕನೂ ಹುಡುಗನಾಗಿದ್ದಾಗ ಒಂದು ಆನೆಕಾಸನ್ನು ಹುಣಿಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿ ಚಿನ್ನದಂತೆ ಮಾಡಿ ಮನೆಯವರಿಂದ ಹೊಗಳಿಸಿಕೊಂಡವನೇ. ಆನೆ ಉಳಿಯಿತು, ಊರಿನ ಹೆಸರಿದ್ದ ಬದಿ ಬೋಳಾಯಿತು. ಉಪ್ಪಿನ ಕ್ಲೋರೈಡು ತಾಮ್ರದ ರಂಧ್ರಗಳಲ್ಲಿ ಸೇರಿ ಮುಂದಿನ ಮಳೆಗಾಲದಲ್ಲಿ ಮಾಡಿದ ಹಾನಿಯನ್ನು ಯಾರೂ ಆಗ ಉಪ್ಪಿಗೆ ಸಂಬಂಧಿಸಿ ನೋಡಲಿಲ್ಲ.

ಬೆಳ್ಳಿಯ ರೂಪಾಯಿಗಳ ಮಾತನ್ನು ಸಂಕ್ಷೇಪವಾಗಿ ಮುಗಿಸಬಹುದು. 1940ರವರೆಗಿನ ರೂಪಾಯಿಯಲ್ಲಿ ಹನ್ನೆರಡು ಭಾಗಕ್ಕೆ ಹನ್ನೊಂದು ಭಾಗ ಬೆಳ್ಳಿಯಿತ್ತು. ಆ ವರ್ಷದಿಂದ ಅರ್ಧಕ್ಕೆ ಇಳಿದು, ಉಳಿದರ್ಧದಲ್ಲಿ ತಾಮ್ರವೇ ಪ್ರಧಾನವಾಗಿ ನಿಕ್ಕಲ್ ಮತ್ತು ಸತು ಸೇರಿದವು. ಇಂತಹ ಮಿಶ್ರಲೋಹದಿಂದ ಆಮ್ಲವು ತಾಮ್ರವನ್ನು ಮೊದಲು ಕೀಳುತ್ತದೆಯಾದ್ದರಿಂದ ಪೂಜೆಯ ರೂಪಾಯಿಗಳಲ್ಲಿ ಹೆಚ್ಚಾಗಿ ಕೆಡುವುವು ಇವೇ.

ಈ ಬಗೆಯ ಅವಿವೇಕ ಮನೆಗಳಿಗಷ್ಟೇ ಸೀಮಿತವಾಗಿತ್ತೆಂದು ತಿಳಿಯಬಾರದು. ಬರ್ಲಿನ್ನಿನ ರಾಜಕೀಯ ವಸ್ತುಸಂಗ್ರಹಾಲಯಗಳಲ್ಲಿ 1888ರಲ್ಲಿ ರಾಸಾಯನಿಕ ಪ್ರಯೋಗಾಲಯವನ್ನು ಸ್ಥಾಪಿಸಿ ಫ್ರೀಡ್ರಿಕ್ ರಾಟ್ಗೆನ್‌ರನ್ನು ನೇಮಿಸಿದಂದಿನಿಂದ ಪುರಾತನ ಲೋಹವಸ್ತುಗಳ ಶುದ್ಧಿ ಶಾಸ್ತ್ರೀಯವಾದ ವೃತ್ತಿಯಾಯಿತು. ಆ ಕಾಲದ ಮೆಚ್ಚಿನ ವಿಧಾನ ವಿದ್ಯುದ್ವಿಶ್ಲೇಷಣೆ. ಕ್ಷಾರದ ತೊಟ್ಟಿಯಲ್ಲಿ ವಸ್ತುವನ್ನಿಟ್ಟು ವಿದ್ಯುತ್ತನ್ನು ಹರಿಸಿ ಕಿಲುಬನ್ನೆಲ್ಲ ಕಿತ್ತು ಲೋಹವನ್ನು ಕಾಣಿಸುವುದು. ನಮ್ಮ ದಕ್ಷಿಣದಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ಆರಂಭವಾದ ಪ್ರಯೋಗಾಲಯದಲ್ಲಿಯೂ ಎಸ್. ಪರಮಶಿವನ್ ಅವರು ಕಂಚಿನ ವಿಗ್ರಹಗಳಿಗೆ ಈ ವಿಧಾನವನ್ನು ಪ್ರಯೋಗಿಸಿದರು. ರೋಗಗ್ರಸ್ತವಾಗಿ ಪುಡಿಯಾಗುತ್ತಿದ್ದ ಕಂಚುಗಳು ಅದರಿಂದ ಉಳಿದವೆಂಬುದು ನಿಜ. ಆದರೂ ಹೊರಪದರದಲ್ಲಿಯೇ ಮೂಲದ ಮೈ ಅಡಗಿರುತ್ತದೆಂಬ ತಿಳಿವಳಿಕೆ ಬೆಳೆದಂತೆಲ್ಲ ಎಲ್ಲವನ್ನೂ ಕಿತ್ತುಹಾಕುವ ಪದ್ಧತಿ ಹಿಂದೆ ಸರಿಯಿತು. ಪ್ರಯೋಗಾಲಯಗಳೇ ಕಾಲಕ್ರಮದಲ್ಲಿ ಕೈಬಿಟ್ಟದ್ದನ್ನು ಅಡಿಗೆಮನೆ ಇನ್ನೂ ಬಿಟ್ಟಿಲ್ಲ.

ಇನ್ನು ದ್ರಾವಕದ ಮಾತು. ಇದರಲ್ಲಿ ನಮ್ಮ ಸೀಮೆಗೆ ತನ್ನದೇ ಆದ ಒಂದು ಸಂಬಂಧವಿದೆ. ಭದ್ರಾನದಿಯ ದಂಡೆಯ ಭದ್ರಾವತಿ, ಹಿಂದಿನ ಬೆಂಕಿಪುರ, ಕಬ್ಬಿಣಕ್ಕೆ ಪ್ರಸಿದ್ಧವಾದ ಊರು. ಅಲ್ಲಿಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು. ಆದರೆ ಆ ಕಾರ್ಖಾನೆಗೆ ಮೊದಲು ಇಟ್ಟ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರ ಬರುತ್ತದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಲ್ಲಿದ್ದಲು ಹತ್ತಿರದಲ್ಲಿಲ್ಲದ ನಾಡಿನಲ್ಲಿ ಕುಲುಮೆಗೆ ಇದ್ದಿಲು ಬೇಕಾಗಿತ್ತು; ಇದ್ದಿಲಿಗಾಗಿ ಮಲೆನಾಡಿನ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಸಿದಾಗ ಹೊರಡುವ ಹೊಗೆಯನ್ನು ವ್ಯರ್ಥಗೊಳಿಸದೆ ತಣಿಸಿ ಹಿಡಿದರು. ಅದರಿಂದ ದೊರೆತವು ಡಾಂಬರು, ಮರದ ಮದ್ಯಸಾರವೆಂಬ ಮೀಥೈಲ್ ಆಲ್ಕೊಹಾಲು, ಮತ್ತು ಮರದ ಹುಳಿಗೆ ಸುಣ್ಣ ಬೆರಸಿ ಮಾಡಿದ ಅಸಿಟೇಟು. ಸುಣ್ಣದ ಈ ಅಸಿಟೇಟನ್ನು ಒಣದಾಗಿ ಕಾಸಿದರೆ ಅಸಿಟೋನು ಬಟ್ಟಿಯಿಳಿದು ಬರುತ್ತದೆ. ಒಂದನೆಯ ಮಹಾಯುದ್ಧದ ವೇಳೆಗೆ ಲೋಕದಲ್ಲಿ ಅಸಿಟೋನಿನ ಮುಖ್ಯ ಮೂಲವಾಗಿದ್ದುದು ಇಂತಹ ಅಸಿಟೇಟೇ. ಕಾರ್ಡೈಟ್ ಎಂಬ ಸಿಡಿಮದ್ದಿಗೆ ಅದು ಅತ್ಯವಶ್ಯವಾಗಿ, ಮರದಿಂದ ಬರುವುದು ಸಾಲದಾಗಲು, ಇಂಗ್ಲೆಂಡಿನಲ್ಲಿ ಚೈಮ್ ವೈಜ್ಮನ್ನರು ಪಿಷ್ಟವನ್ನು ಹುದುಗಿಸಿ ಅದನ್ನು ಪಡೆಯುವ ಮಾರ್ಗವನ್ನು ಕಂಡುಹಿಡಿದರು. ಇಂದು ಅಂಗಡಿಯಲ್ಲಿ ದೊರೆಯುವ ಅಸಿಟೋನು ಬಹುಮಟ್ಟಿಗೆ ಪೆಟ್ರೋಲಿಯಮ್ಮಿನ ಸಂತತಿ.

ಅಸಿಟೋನು ನಾಣ್ಯಕ್ಕೆ ಹಿತವಾದದ್ದು ಏಕೆಂದರೆ ಅದು ಚಿನ್ನ, ಬೆಳ್ಳಿ, ತಾಮ್ರಗಳನ್ನಾಗಲಿ ಅವುಗಳ ಆಕ್ಸೈಡು ಪದರಗಳನ್ನಾಗಲಿ ಕರಗಿಸುವುದಿಲ್ಲ. ಜಿಡ್ಡು, ಅಂಟು, ಮೆರುಗೆಣ್ಣೆ, ಪ್ಲಾಸ್ಟಿಕ್ಕಿನ ಪಸೆ ಇವನ್ನು ಕರಗಿಸುತ್ತದೆ. ತಾನು ಶೇಷವಿಲ್ಲದೆ ಆವಿಯಾಗುತ್ತದೆ. ಪೂಜೆಯ ನಾಣ್ಯಕ್ಕೆ ಇದು ಒದಗುವ ಬಗೆಯೇ ಸ್ವಾರಸ್ಯವಾಗಿದೆ. ಅರಿಸಿನದ ಬಣ್ಣದ ದ್ರವ್ಯ ನೀರಿನಲ್ಲಿ ಕರಗುವುದಿಲ್ಲ. ಸಾಬೂನಿನ ಕ್ಷಾರ ತಗುಲಿದರೆ ಹೋಗುವ ಬದಲು ಕೆಂಪೇರುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದರ ಗುಟ್ಟೂ ಅದೇ ತಾನೆ. ಹೀಗಾಗಿ ಮನೆಯಾಕೆ ಎಷ್ಟು ತೊಳೆದರೂ ಹೋಗದ ಬಣ್ಣವನ್ನು ತೆಗೆಯಲು ಉಜ್ಜುವುದೇ ಗತಿಯೆಂದು ಭಾವಿಸುತ್ತಾಳೆ. ಅದೇ ಬಣ್ಣ ಅಸಿಟೋನಿನಲ್ಲಿಯೂ ಮದ್ಯಸಾರದಲ್ಲಿಯೂ ಸುಲಭವಾಗಿ ಕರಗಿ, ಉಜ್ಜದೆಯೇ ದ್ರವವನ್ನು ಹಳದಿಯಾಗಿಸುತ್ತದೆ. ಹರಳೆಣ್ಣೆಯೂ ಮದ್ಯಸಾರದಲ್ಲಿ ಬೆರೆಯುತ್ತದೆ. ಆದರೆ ಬಹುಕಾಲದಿಂದ ಒಣಗಿ ಗಟ್ಟಿಯಾದ ಎಣ್ಣೆಯ ಹೊದಿಕೆ ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೆ ದಿನಗಟ್ಟಲೆ ನೆನೆಯಿಸುವ ತಾಳ್ಮೆ ಬೇಕು, ಒಮ್ಮೊಮ್ಮೆ ತಾಳ್ಮೆಯೂ ಸಾಲದು.

ಸಂಗ್ರಾಹಕನ ಪುಸ್ತಕದ ಹಸಿರು ಬೇರೆ ಬಗೆಯದು. ಮೃದುವಾದ ಪಿ.ವಿ.ಸಿ. ಹಾಳೆಗಳಲ್ಲಿ ಅವನ್ನು ಮೆತ್ತಗಿಡಲು ಬೆರಸಿದ ಎಣ್ಣೆಯಂತಹ ದ್ರವ್ಯ ಕಾಲಕ್ರಮದಲ್ಲಿ ಬೆವರಿನಂತೆ ಹೊರಬರುತ್ತದೆ. ಪ್ಲಾಸ್ಟಿಕ್ಕು ಶಿಥಿಲವಾದಂತೆ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುಗಡೆಯಾಗಿ ತಾಮ್ರವನ್ನು ಕಚ್ಚುತ್ತದೆ. ಅಂಟಾದ ಹಸಿರು ಪಸೆ ಕಂಡ ಕೂಡಲೆ ಅಸಿಟೋನಿನಲ್ಲಿ ತೊಳೆದರೆ ಕೇಡು ಅಲ್ಲಿಗೇ ನಿಲ್ಲುತ್ತದೆ. ಕಚ್ಚಿದ ಗುರುತನ್ನು ಯಾವ ದ್ರಾವಕವೂ ಅಳಿಸಲಾರದು. ಮತ್ತೆ ಅದೇ ಹಾಳೆಯಲ್ಲಿ ನಾಣ್ಯವನ್ನು ಸೇರಿಸಿದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮಮಾಡಿದಂತೆ.

ಪ್ರಯೋಗದ ಕ್ರಮವನ್ನು ಹೇಳತಕ್ಕ ಸ್ಥಳ ಇದು. ಉಗುರುಬಣ್ಣ ತೆಗೆಯುವ ದ್ರವವು ಅಸಿಟೋನಿನ ವಾಸನೆಯುಳ್ಳದ್ದಾದರೂ ಅದರಲ್ಲಿ ಎಣ್ಣೆ, ಬಣ್ಣ, ಸುಗಂಧಗಳು ಬೆರೆತಿರುವುದರಿಂದ ಕೂಡದು. ಪ್ರಯೋಗಾಲಯದ ದರ್ಜೆಯ ಶುದ್ಧ ಅಸಿಟೋನೇ ಬೇಕು. ಪೆಟ್ರೋಲು ಸೀಮೆಎಣ್ಣೆಗಳೂ ಪಸೆಯನ್ನು ಬಿಡುವಂಥವು. ಪಾತ್ರೆ ಗಾಜಿನದಾಗಿರಬೇಕು, ಮುಚ್ಚಳವಿರಬೇಕು. ಕೆಲವು ಪ್ಲಾಸ್ಟಿಕ್ ಲೋಟಗಳನ್ನು ಅಸಿಟೋನು ತಾನೇ ಕರಗಿಸಿ ನಾಣ್ಯಕ್ಕೆ ಹೊಸ ಲೇಪವನ್ನು ಕೊಡುತ್ತದೆ. ಮಣ್ಣಿನ ಲವಣಗಳಿದ್ದರೆ ಮೊದಲು ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಸುವುದು; ನಲ್ಲಿಯ ನೀರಿನ ಕ್ಲೋರಿನ್ನೂ ಬಾವಿಯ ನೀರಿನ ಲವಣಗಳೂ ಬೇಡ. ಆಮೇಲೆ ಒಂದೊಂದೇ ನಾಣ್ಯವನ್ನು ಅಸಿಟೋನಿನಲ್ಲಿಟ್ಟು ಮುಚ್ಚಿ, ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಬಿಟ್ಟು, ಕೊಳೆಯಾದುದನ್ನು ಚೆಲ್ಲಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯುವುದು. ಎರಡನೆಯ ಅದ್ದಿಕೆಯನ್ನು ಬಿಡುವವರೇ ಹೆಚ್ಚು. ಬಿಟ್ಟರೆ ಕರಗಿದ ಜಿಡ್ಡೇ ತೆಳ್ಳಗೆ ನಾಣ್ಯದ ಮೈಗೆಲ್ಲ ಹರಡಿ ಕೂರುತ್ತದೆ. ಯಾವ ಹಂತದಲ್ಲಿಯೂ ಉಜ್ಜತಕ್ಕದ್ದಲ್ಲ, ಬಟ್ಟೆಯಿಂದ ಒರಸತಕ್ಕದ್ದೂ ಅಲ್ಲ. ಒಣಗಿದ ಮೇಲೆ ಅಂಚನ್ನಷ್ಟೇ ಹಿಡಿದು ಎತ್ತುವುದು.

ಮಲೆನಾಡಿನ ಹವೆ ಇದಕ್ಕೆ ಒಂದು ವಿಶೇಷ ನಿಯಮವನ್ನು ಸೇರಿಸುತ್ತದೆ. ಅಸಿಟೋನು 56 ಡಿಗ್ರಿಯಲ್ಲಿಯೇ ಕುದಿಯುವ ದ್ರವ. ಬಲು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ನಾಣ್ಯವನ್ನು ತಣ್ಣಗಾಗಿಸುತ್ತದೆ. ಆಷಾಢ ಶ್ರಾವಣಗಳಲ್ಲಿ ತುಂಗೆ ದಡಮೀರಿ ಹರಿಯುವಾಗ ಶಿವಮೊಗ್ಗದ ಗಾಳಿಯಲ್ಲಿ ನೀರು ತುಂಬಿರುತ್ತದೆ. ತಣ್ಣಗಾದ ತಾಮ್ರದ ಮೇಲೆ ಅದು ಇಬ್ಬನಿಯಂತೆ ಕೂರುತ್ತದೆ. ಜಿಡ್ಡಿನ ರಕ್ಷಣೆಯನ್ನು ಆಗಷ್ಟೇ ಕಳೆದುಕೊಂಡ ಲೋಹಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಆದುದರಿಂದ ಈ ಕೆಲಸವನ್ನು ಮಾಗಿಯ ಒಣ ಹಗಲುಗಳಿಗೆ ಮೀಸಲಿಡುವುದು ಯುಕ್ತ. ಶ್ರಾವಣದ ವರಮಹಾಲಕ್ಷ್ಮಿಯ ಹಿಂದಿನ ದಿನ ನಾಣ್ಯ ತೊಳೆಯುವ ರೂಢಿಗೆ ಇದು ಹೊಂದುವುದಿಲ್ಲವೆಂಬುದನ್ನು ಬಲ್ಲೆವು.

ಅಪಾಯಗಳನ್ನೂ ಹೇಳಬೇಕು. ಅಸಿಟೋನಿನ ಆವಿ ಗಾಳಿಗಿಂತ ಭಾರವಾದುದು, ನೆಲಮಟ್ಟದಲ್ಲಿ ಹರಿದು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ದೇವರ ನಂದಾದೀಪವಿರುವ ಕೋಣೆಯೂ ಗ್ಯಾಸಿನ ಒಲೆಯಿರುವ ಅಡಿಗೆಮನೆಯೂ ಈ ಕೆಲಸಕ್ಕೆ ಸಲ್ಲವು. ಗಾಳಿಯಾಡುವ ಜಗಲಿಯೇ ಮೇಲು. ಹಿಂದಿನ ಕೈಪಿಡಿಗಳಲ್ಲಿ ಜಿಡ್ಡು ತೆಗೆಯಲು ಹೇಳುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡು ಯಕೃತ್ತನ್ನು ಕೆಡಿಸುವಂಥದು. 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದು ಇಂತಹ ಬಳಕೆಯಿಂದ ತೊಲಗಿತು. ಬೆಂಜೀನನ್ನು ಮುಟ್ಟಲೇ ಬಾರದು. ಭದ್ರಾವತಿಯ ಮರ ಒಮ್ಮೆ ಕೊಟ್ಟ ಮೀಥೈಲ್ ಆಲ್ಕೊಹಾಲು ಕೂಡ ಕಣ್ಣಿಗೂ ಪ್ರಾಣಕ್ಕೂ ಮಾರಕವಾದುದು, ಮನೆಗೆ ತರತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೆ ದ್ರಾವಕವು ನಿರಪರಾಧಿಯೆಂದು ವಾಚಕರು ಭಾವಿಸುವುದು ಸಹಜ. ನಮ್ಮ ಅಭಿಪ್ರಾಯ ಹಾಗಿಲ್ಲ. ಆಮ್ಲವು ಟಂಕಸಾಲೆಯ ಬರಹವನ್ನು ತಿನ್ನುತ್ತದೆ. ದ್ರಾವಕವು ಅನಂತರದವರ ಬರಹವನ್ನು ತಿನ್ನುತ್ತದೆ. ಹಳೆಯ ಸಂಗ್ರಹಗಳಲ್ಲಿ ನಾಣ್ಯದ ಅಂಚಿನ ಬಳಿ ಶಾಯಿಯಿಂದ ಸಂಖ್ಯೆ ಬರೆದು ಮೇಲೆ ಮೆರುಗೆಣ್ಣೆ ಹಚ್ಚುವ ಪದ್ಧತಿಯಿತ್ತು. ಅಸಿಟೋನಿಗೆ ಅದು ಬರಿಯ ಕೊಳೆ. ಕ್ಷಣದಲ್ಲಿ ಹೋಗುತ್ತದೆ, ಅದರೊಡನೆ ನಾಣ್ಯ ಎಲ್ಲಿಂದ ಯಾವ ನಿಧಿಯಿಂದ ಬಂತೆಂಬ ಏಕಮಾತ್ರ ಸಾಕ್ಷಿಯೂ ಹೋಗುತ್ತದೆ. ಕಾಸಿನಸರದ ಕಾಸುಗಳ ಹಿಂಬದಿಗೆ ಅಕ್ಕಸಾಲಿ ಅರಗನ್ನು ತುಂಬಿದ್ದರೆ ಮದ್ಯಸಾರವು ಆ ಅರಗನ್ನು ಕರಗಿಸಿ ಒಡವೆಯನ್ನೇ ಸಡಿಲಗೊಳಿಸುತ್ತದೆ. ನಿಧಿಯಲ್ಲಿ ದೊರೆತ ನಾಣ್ಯಗಳಿಗೆ ಬಟ್ಟೆಯ ನೂಲಿನ ಗುರುತು ಅಂಟಿರುವುದುಂಟು. ಅವನ್ನು ಗಂಟುಕಟ್ಟಿ ಹೂತಿದ್ದರೆಂಬುದಕ್ಕೆ ಅದೇ ಪ್ರಮಾಣ. ಅರಿಸಿನ ಕುಂಕುಮದ ಕಲೆಯಾದರೂ ಏನು? ಹೈದರಾಲಿಯ ವರಹವೊಂದು ಶಿವಪಾರ್ವತಿಯರಿರುವ ಕಾರಣದಿಂದ ಹಿಂದೂ ಮನೆಯ ಸಂಪುಟದಲ್ಲಿ ಪೂಜೆಗೊಂಡಿತೆಂದರೆ, ಅದನ್ನು ಹೊರಡಿಸಿದವನ ರಾಜನೀತಿ ಎಷ್ಟರಮಟ್ಟಿಗೆ ಫಲಿಸಿತೆಂಬುದಕ್ಕೆ ಆ ಕಲೆಯೇ ದಾಖಲೆಯಲ್ಲವೆ? ಅದನ್ನು ತೊಳೆದು ಹಾಕಿದರೆ ಅಕ್ಷರ ಸ್ಪಷ್ಟವಾಗುತ್ತದೆ, ಆ ಪೂಜೆಯ ಸಂಗತಿ ಮರೆಯಾಗುತ್ತದೆ. ಕೆಲವರು ಇದು ಅತಿಯಾದ ಸೂಕ್ಷ್ಮವೆನ್ನಬಹುದು. ಎಲ್ಲ ಕಲೆಗಳನ್ನೂ ಉಳಿಸಬೇಕೆಂದು ನಾವು ವಾದಿಸುವುದಿಲ್ಲ; ಎಣ್ಣೆಯ ಆಮ್ಲಗಳು ತಾಮ್ರದೊಡನೆ ಕೂಡಿ ಹಸಿರು ಸಾಬೂನಿನಂತಾಗಿ ಲೋಹವನ್ನು ತಿನ್ನುತ್ತಿದ್ದರೆ ತೆಗೆಯಲೇ ಬೇಕು. ತೊಳೆಯುವ ಮುನ್ನ ಎರಡೂ ಮುಖಗಳ ಛಾಯಾಚಿತ್ರವನ್ನು ತೆಗೆದು, ತೂಕವನ್ನೂ, ಎಲ್ಲಿಂದ ಯಾರ ಕೈಯಿಂದ ಬಂತೆಂಬುದನ್ನೂ, ಯಾವ ಭಾಗದಲ್ಲಿ ಯಾವ ಕಲೆಯಿತ್ತೆಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕೆಂಬುದು ನಮ್ಮ ಕೇಳಿಕೆ.

ನೆಲದಲ್ಲಿ ದೊರೆತ ನಾಣ್ಯಗಳ ಮಾತು ಬೇರೆ. ನಿಧಿ ಕಾನೂನಿನಂತೆ ನಿಧಿ ದೊರೆತವನು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಕಾನೂನಿನಂತೆ ನೂರು ವರ್ಷ ಮೀರಿದ ನಾಣ್ಯವು ಪುರಾತನ ವಸ್ತುವಾಗುತ್ತದೆ. ಇಂಥವನ್ನು ಮಣ್ಣು ಸಹಿತವಾಗಿ ಒಪ್ಪಿಸುವುದೇ ಸರಿ. ತಾಮ್ರದ ಮೇಲೆ ತಿಳಿಹಸಿರು ಪುಡಿ ಏಳುತ್ತಿದ್ದರೆ ಅದು ಕ್ಲೋರೈಡಿನ ರೋಗ, ಅಸಿಟೋನಿನಿಂದ ವಾಸಿಯಾಗದು. ನಾಣ್ಯವನ್ನು ಬೇರೆಯಾಗಿಸಿ, ತೇವ ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಯಾದ ಡಬ್ಬಿಯಲ್ಲಿಟ್ಟು, ಬಲ್ಲವರಲ್ಲಿಗೆ ಒಯ್ಯತಕ್ಕದ್ದು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ. ಅಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ಕಡೆಯದಾಗಿ ಸೀಸದ ನಾಣ್ಯಗಳು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವ್ಹೀಲರ್ ಅವರೂ ನಡೆಸಿದ ಉತ್ಖನನಗಳು ಸಾತವಾಹನರ ಕಾಲದ ನಾಣ್ಯಗಳಿಗೆ ಹೆಸರಾಗಿವೆ; ಆ ಕಾಲದಲ್ಲಿ ನಮ್ಮ ನಾಡಿನ ನಾಣ್ಯದ ಲೋಹಗಳಲ್ಲಿ ಸೀಸವೇ ಮುಖ್ಯವಾದುದು. ಕಾರವಾರ ಬನವಾಸಿಗಳ ಕಡೆಯ ಚುಟು ಅರಸರ ನಾಣ್ಯಗಳೂ ಸೀಸದವೇ. ಇಂಥದೊಂದು ಕೈಗೆ ಬಂದರೆ ಮನೆಯಲ್ಲಿ ಅದನ್ನು ತೊಳೆಯುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಅದರ ವಿಷಪೂರಿತ ಪುಡಿ ಕೈಗೂ ಬಾಯಿಗೂ ತಗುಲುವುದು ಒಂದು ಕಾರಣ, ಬೆರಳಿನ ಒತ್ತಡಕ್ಕೂ ಅದರ ಅಕ್ಷರ ನವೆಯುವುದು ಇನ್ನೊಂದು. ಅದಕ್ಕಿಂತ ಮುಖ್ಯವಾದುದು ಅದನ್ನು ಇಡುವ ಸ್ಥಳ. ನಮ್ಮವರು ಬೆಲೆಬಾಳುವ ವಸ್ತುವನ್ನು ಮರದ ಸಂಪುಟದಲ್ಲಿಡುತ್ತಾರೆ. ಮರದೊಳಗಿನ ಅಸಿಟೈಲ್ ಅಂಶ ನಿಧಾನವಾಗಿ ಬಿಡಿಸಿಕೊಂಡು ಹುಳಿಯ ಆವಿಯಾಗಿ ಹೊರಬರುತ್ತದೆ. ಭದ್ರಾವತಿಯಲ್ಲಿ ಬೆಂಕಿಯಿಟ್ಟು ಕೆಲವು ಗಂಟೆಗಳಲ್ಲಿ ಹೊರಡಿಸಿದ ಅದೇ ಹುಳಿಯನ್ನು ಮುಚ್ಚಿದ ಪೆಟ್ಟಿಗೆ ಬೆಂಕಿಯಿಲ್ಲದೆ ವರ್ಷಗಟ್ಟಲೆ ಹೊರಡಿಸುತ್ತಿರುತ್ತದೆ. ಸೀಸಕ್ಕೆ ಆ ಆವಿ ಸಾಕು. ಗಾಳಿಯ ಇಂಗಾಲಾಮ್ಲದೊಡನೆ ಕೂಡಿ ಅದನ್ನು ಬಿಳಿಯ ಸಫೇದದ ಪುಡಿಯಾಗಿಸುತ್ತದೆ. ಹಿಂದೆ ಬಣ್ಣಕ್ಕಾಗಿ ಸೀಸದ ತಗಡನ್ನು ಹುಳಿಯ ಮೇಲೆ ತೂಗುಹಾಕಿ ಸಫೇದವನ್ನು ತಯಾರಿಸುತ್ತಿದ್ದುದು ಇದೇ ಕ್ರಿಯೆಯಿಂದ. ಯಾರೂ ಮುಟ್ಟದೆ, ಯಾವ ದ್ರಾವಕವನ್ನೂ ಹಾಕದೆ, ಗಂಧದ ಸಂಪುಟದಲ್ಲಿ ಜೋಪಾನವಾಗಿಟ್ಟ ಚುಟು ಅರಸನ ನಾಣ್ಯವನ್ನು ಇಪ್ಪತ್ತು ವರ್ಷಗಳ ಮೇಲೆ ತೆರೆದು ನೋಡಿದಾಗ ಚಿಟಿಕೆ ಬಿಳಿಯ ಪುಡಿ ಮಾತ್ರ ಕಾಣುವುದು ಸಾಧ್ಯ. ಇದಕ್ಕೆ ಗಾಜಿನ ಅಥವಾ ಪಾಲಿಪ್ರೊಪಿಲೀನಿನ ಡಬ್ಬಿಯೇ ಆಗಬೇಕು. ಅದರೊಳಗೆ ಹಾಸಲು ಹುಳಿಯಿಲ್ಲದ ಕಾಗದ, ಮೇಲೆ ಚೀಟಿ.